ಮನೆಯ ಗ್ಯಾರೇಜಿನಲ್ಲಿ ಕಾರ್ ಲಿಫ್ಟ್: ಕಾರಿನ ಕೆಳಗೆ ನಿಲ್ಲುವ ಮುನ್ನ

ಗುಂಡಿ ಒತ್ತಿದರೆ ಕಾರು ಏರುತ್ತದೆ, ಹಿಡಿ ಎಳೆದರೆ ಇಳಿಯುತ್ತದೆ. ಲಿಫ್ಟ್ ನಡೆಸಲು ಕಲಿಯುವುದು ಹತ್ತು ನಿಮಿಷದ ಕೆಲಸ. ಅಪಾಯ ಇರುವುದೂ ಈ ಸುಲಭದಲ್ಲಿಯೇ. ನೆಲದ ಮೇಲೆ ಜ್ಯಾಕ್ ಹಾಕಿ ಕಾರಿನ ಅಡಿಗೆ ತೆವಳುವವನಿಗೆ ಪ್ರತಿ ಸಲವೂ ಸ್ವಲ್ಪ ಭಯವಿರುತ್ತದೆ, ಆ ಭಯ ಅವನನ್ನು ಕಾಯುತ್ತದೆ. ಲಿಫ್ಟಿನ ಕೆಳಗೆ ನೆಟ್ಟಗೆ ನಿಂತು ಕೆಲಸ ಮಾಡುವವನಿಗೆ ಎರಡನೆಯ ವಾರದಲ್ಲಿಯೇ ತಲೆಯ ಮೇಲೆ ಒಂದೂವರೆ ಟನ್ ಭಾರ ಇದೆ ಎಂಬುದು ಮರೆತುಹೋಗುತ್ತದೆ.

ದೊಡ್ಡ ಗ್ಯಾರೇಜಿನಲ್ಲಿ ಒಬ್ಬನು ತಪ್ಪಿದರೆ ಎಚ್ಚರಿಸಲು ಇನ್ನೊಬ್ಬನಿರುತ್ತಾನೆ, ವರ್ಷಕ್ಕೊಮ್ಮೆ ತಪಾಸಣೆ ಮಾಡುವವರು ಬರುತ್ತಾರೆ. ಮನೆಯಲ್ಲಿ ನಡೆಸುವವರೂ ಪರೀಕ್ಷಿಸುವವರೂ ನೀವೇ. ಹಾಗಾಗಿ ಇಲ್ಲಿ ಹೇಳುವ ಕ್ರಮವನ್ನು ಮೈಗೂಡಿಸಿಕೊಳ್ಳುವುದು ಒಳ್ಳೆಯದು. ಮನೆಗಳಲ್ಲಿ ಹೆಚ್ಚು ಎಚ್ಚರ ಬೇಡುವುದು ಎರಡು ಕಂಬದ ಲಿಫ್ಟ್ ಆದ್ದರಿಂದ ಮುಖ್ಯವಾಗಿ ಅದರ ಬಗ್ಗೆಯೇ ಬರೆದಿದ್ದೇನೆ. ಉಳಿದ ಬಗೆಗಳ ವಿಶೇಷ ಎಚ್ಚರಿಕೆಗಳು ಕೊನೆಯ ಕಡೆಗೆ, ತಪಾಸಣೆಯ ಭಾಗಕ್ಕೆ ಮುಂಚೆ ಇವೆ. ನಿಮ್ಮ ಲಿಫ್ಟಿನ ಕೈಪಿಡಿ ಇದಕ್ಕಿಂತ ಬೇರೆ ಏನಾದರೂ ಹೇಳಿದರೆ ಕೈಪಿಡಿಯ ಮಾತೇ ಅಂತಿಮ.

ಮೊದಲು ನೆಲವನ್ನು ನೋಡಿ

ಲಿಫ್ಟ್ ಕೊಳ್ಳುವಾಗ ಎಲ್ಲರೂ ಕಂಬದ ಎತ್ತರ, ಮೋಟಾರಿನ ಶಕ್ತಿ, ಬಣ್ಣ ನೋಡುತ್ತಾರೆ. ನೋಡಬೇಕಾದದ್ದು ನೆಲ. ಎರಡು ಕಂಬದ ಲಿಫ್ಟಿನಲ್ಲಿ ಕಾರಿನ ಭಾರ ಕಂಬದ ಮೇಲೆ ನೇರವಾಗಿ ಬೀಳುವುದಿಲ್ಲ. ತೋಳುಗಳು ಒಳಗೆ ಚಾಚಿಕೊಂಡಿರುತ್ತವೆ, ಭಾರ ಅವುಗಳ ತುದಿಯಲ್ಲಿರುತ್ತದೆ. ಪರಿಣಾಮವಾಗಿ ಪ್ರತಿ ಕಂಬವೂ ಕಾರಿನ ಕಡೆಗೆ ಬಾಗಲು ಹವಣಿಸುತ್ತದೆ, ಅದರ ಪಾದದ ಹೊರಬದಿಯ ಬೋಲ್ಟುಗಳು ಕಾಂಕ್ರೀಟಿನಿಂದ ಕಿತ್ತುಬರಲು ಎಳೆಯುತ್ತಿರುತ್ತವೆ. ಇಡೀ ಭಾರವನ್ನು ಕೊನೆಗೆ ತಡೆಯುವುದು ಆ ಬೋಲ್ಟುಗಳ ಸುತ್ತಲಿನ ಒಂದು ಹಿಡಿ ಕಾಂಕ್ರೀಟ್.

ಸಾಮಾನ್ಯ ಕಾರುಗಳಿಗಾಗಿ ಮಾಡಿದ ಬಹುತೇಕ ಎರಡು ಕಂಬದ ಲಿಫ್ಟುಗಳ ತಯಾರಕರು ಕನಿಷ್ಠ 100 ಮಿ.ಮೀ. ದಪ್ಪದ, 3000 ಪಿಎಸ್‌ಐ, ಅಂದರೆ ಸುಮಾರು 21 ಮೆಗಾಪಾಸ್ಕಲ್ ಬಲದ ಕಾಂಕ್ರೀಟ್ ಕೇಳುತ್ತಾರೆ. ಭಾರಿ ಲಿಫ್ಟುಗಳಿಗೆ 150 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಹೊಸದಾಗಿ ಹಾಕಿದ ಕಾಂಕ್ರೀಟ್ 28 ದಿನ ಕ್ಯೂರಿಂಗ್ ಆಗುವವರೆಗೆ ಬೋಲ್ಟ್ ಹಾಕಬಾರದು. ಮನೆ ಕಟ್ಟಿದವರು ‘ನಾಲ್ಕು ಇಂಚು ಹಾಕಿದ್ದೇವೆ’ ಎಂದು ಹೇಳಿದ ಮಾತ್ರಕ್ಕೆ ನಂಬಿ ಕೂರಬೇಡಿ. ಕಂಬ ನಿಲ್ಲುವ ಎರಡೂ ಜಾಗಗಳಲ್ಲಿ ತೂತು ಕೊರೆದು ದಪ್ಪ ಅಳೆಯಿರಿ. ನೆಲದ ದಪ್ಪ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ.

ಬಿರುಕು, ಕಾಂಕ್ರೀಟಿನ ಅಂಚು, ಎರಡು ಹಾಸುಗಳು ಸೇರುವ ಸಂದು, ಇವುಗಳ ಹತ್ತಿರ ಆಂಕರ್ ಬೋಲ್ಟ್ ಹಾಕುವಂತಿಲ್ಲ. ಎಷ್ಟು ದೂರ ಬಿಡಬೇಕು ಎಂಬುದು ಕೈಪಿಡಿಯಲ್ಲಿರುತ್ತದೆ. ಕಾಂಕ್ರೀಟಿನ ಒಳಗೆ ಉಕ್ಕಿನ ತಂತಿಗಳನ್ನು ಬಿಗಿದು ಕೂರಿಸಿದ ಪೋಸ್ಟ್ ಟೆನ್ಷನ್ ನೆಲವಾದರೆ ಕೊರೆಯುವ ಯೋಚನೆಯನ್ನೇ ಬಿಡಿ. ತಂತಿ ತುಂಡಾದರೆ ಅದು ಸಿಡಿಯುವ ಬಲಕ್ಕೆ ಮನುಷ್ಯ ಉಳಿಯುವುದು ಕಷ್ಟ. ಟೈಲ್ಸ್ ಮೇಲೆ, ಡಾಂಬರಿನ ಮೇಲೆ, ಇಟ್ಟಿಗೆ ಹಾಸಿನ ಮೇಲೆ ಕಂಬ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಕೆಳಗೆ ಇನ್ನೊಂದು ಅಂತಸ್ತು ಇರುವ ತಾರಸಿಯಂಥ ನೆಲವಾದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಒಪ್ಪದೆ ಏನನ್ನೂ ಮಾಡಬೇಡಿ.

ನೆಲ ತಕ್ಕದ್ದಲ್ಲ ಎಂದು ಗೊತ್ತಾದರೆ ಎರಡೇ ದಾರಿ. ಕಂಬ ನಿಲ್ಲುವ ಜಾಗವನ್ನು ಒಡೆದು ತಯಾರಕರು ಹೇಳಿದ ಅಳತೆಯಲ್ಲಿ ಹೊಸ ಕಾಂಕ್ರೀಟ್ ಹಾಕಿಸುವುದು ಒಂದು. ಭಾರ ನೇರ ಕೆಳಗೆ ಇಳಿಯುವ ನಾಲ್ಕು ಕಂಬದ ಲಿಫ್ಟಿಗೆ ಹೋಗುವುದು ಇನ್ನೊಂದು. ‘ಸಣ್ಣ ಕಾರು ತಾನೇ’ ಎಂಬ ಮೂರನೆಯ ದಾರಿ ಇಲ್ಲ.

ಸೂರು, ಬಾಗಿಲು, ವಿದ್ಯುತ್

ಎತ್ತರದ ಲೆಕ್ಕ ಸರಳ. ತೋಳಿನ ತುದಿಯಲ್ಲಿ ಕಾರನ್ನು ಹೊರುವ ಪ್ಯಾಡ್ ಎಷ್ಟು ಮೇಲೆ ಹೋಗುತ್ತದೆ ಎಂಬುದಕ್ಕೆ ಕಾರಿನ ಎತ್ತರವನ್ನು ಕೂಡಿಸಿ, ಎತ್ತುವ ಬಿಂದು, ಅಂದರೆ ಕಾರಿನ ಅಡಿಯಲ್ಲಿ ಪ್ಯಾಡ್ ತಾಗುವ ಜಾಗ, ನೆಲದಿಂದ ಎಷ್ಟು ಮೇಲಿದೆಯೋ ಅಷ್ಟನ್ನು ಕಳೆಯಿರಿ. 1.5 ಮೀಟರ್ ಎತ್ತರದ ಕಾರು, 0.2 ಮೀಟರಿನಲ್ಲಿ ಎತ್ತುವ ಬಿಂದು, ಪ್ಯಾಡ್ 1.8 ಮೀಟರಿಗೆ ಏರಿದರೆ ಕಾರಿನ ನೆತ್ತಿ 3.1 ಮೀಟರಿನಲ್ಲಿರುತ್ತದೆ. ಎತ್ತರದ ಎಸ್‌ಯುವಿ ಆದರೆ ಇನ್ನೂ ಮೂವತ್ತು ಸೆಂಟಿಮೀಟರ್ ಸೇರಿಸಿ. ಆಂಟೆನಾ, ಛಾವಣಿಯ ಮೇಲಿನ ಲಗೇಜ್ ಕಂಬಿ, ತೆರೆದಿಟ್ಟ ಬಾನೆಟ್, ಡಿಕ್ಕಿಯ ಬಾಗಿಲು ಈ ಲೆಕ್ಕದಲ್ಲಿ ಸೇರಿಲ್ಲ.

ಕಂಬಗಳ ನೆತ್ತಿಯಲ್ಲಿ ಅಡ್ಡಪಟ್ಟಿ ಇರುವ ಮಾದರಿಗಳಲ್ಲಿ ಕಾರಿನ ಛಾವಣಿ ತಗುಲುವ ಮುನ್ನವೇ ಮೋಟಾರನ್ನು ನಿಲ್ಲಿಸುವ ಸ್ವಿಚ್ ಇರುತ್ತದೆ. ಸೂರು ತಗ್ಗಿದ್ದವರು ಅಡ್ಡಪಟ್ಟಿ ಇಲ್ಲದ, ಕೇಬಲ್ಲುಗಳು ನೆಲದ ತಗಡಿನ ಅಡಿಯಲ್ಲಿ ಹೋಗುವ ಮಾದರಿಯನ್ನು ಆರಿಸುತ್ತಾರೆ. ಅಲ್ಲಿ ಆ ಸ್ವಿಚ್ ಇಲ್ಲ. ಗುಂಡಿ ಒತ್ತುವಾಗ ನಿಮ್ಮ ಕಣ್ಣು ಸೂರಿನ ಮೇಲಿರಬೇಕು. ಸೂರಿನ ಮಿತಿ ಮುಟ್ಟುವ ಎತ್ತರಕ್ಕೆ ಕಂಬದ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ಅನುಕೂಲ.

ಮನೆಯ ಗ್ಯಾರೇಜಿಗೇ ವಿಶೇಷವಾದ ಒಂದು ಅಪಾಯವಿದೆ: ಮೇಲಕ್ಕೆ ಸುತ್ತಿಕೊಂಡು ಹೋಗುವ ಅಥವಾ ಸೂರಿನ ಅಡಿಗೆ ಜಾರುವ ಗ್ಯಾರೇಜ್ ಬಾಗಿಲು. ಕಾರು ಮೇಲಿರುವಾಗ ಮನೆಯವರು ಯಾರೋ ರಿಮೋಟ್ ಒತ್ತಿದರೆ ಬಾಗಿಲು ಬಂದು ಕಾರಿಗೆ ಬಡಿಯುತ್ತದೆ. ಲಿಫ್ಟ್ ಬಳಸುವಾಗ ಬಾಗಿಲಿನ ಮೋಟಾರಿನ ವಿದ್ಯುತ್ತನ್ನು ತೆಗೆದಿಡುವುದು ಕ್ರಮದ ಮೊದಲ ಹೆಜ್ಜೆಯಾಗಲಿ.

ಲಿಫ್ಟಿನ ಮೋಟಾರಿಗೆ ಪ್ರತ್ಯೇಕ ಸರ್ಕಿಟ್, ಪ್ರತ್ಯೇಕ ಬ್ರೇಕರ್, ವಿದ್ಯುತ್ತನ್ನು ಪೂರ್ತಿ ಕಡಿದುಹಾಕುವ, ಬೀಗ ಹಾಕಬಹುದಾದ ಐಸೋಲೇಟರ್ ಸ್ವಿಚ್ ಇರಲಿ. ಎಕ್ಸ್‌ಟೆನ್ಷನ್ ತಂತಿಯಿಂದ ನಡೆಸಬೇಡಿ. ವೋಲ್ಟೇಜ್ ಕುಸಿದು ಮೋಟಾರ್ ಸುಟ್ಟುಹೋಗುತ್ತದೆ. ಬೀಗ ಬೇಕಾದದ್ದು ಮಕ್ಕಳಿಗಾಗಿ. ಗುಂಡಿ ಒತ್ತಿದರೆ ಕಾರು ಮೇಲೆ ಹೋಗುವ ಯಂತ್ರಕ್ಕಿಂತ ಒಳ್ಳೆಯ ಆಟಿಕೆ ಎಂಟು ವರ್ಷದ ಮಗುವಿಗೆ ಎಲ್ಲಿ ಸಿಗುತ್ತದೆ?

ತೂಕ: ಒಟ್ಟು ಲೆಕ್ಕ ಸಾಲದು

ಲಿಫ್ಟಿನ ಮೇಲೆ ಬರೆದಿರುವ ಸಾಮರ್ಥ್ಯ ನಾಲ್ಕು ತೋಳುಗಳದ್ದು ಸೇರಿ. ಒಂದು ತೋಳಿನ ಪಾಲು ಅದರ ನಾಲ್ಕನೆಯ ಒಂದು ಭಾಗ ಮಾತ್ರ. 3,200 ಕಿಲೋ ಎಂದಿದ್ದರೆ ಪ್ರತಿ ತೋಳಿಗೆ 800 ಕಿಲೋ.

ಈಗ 3,000 ಕಿಲೋ ತೂಗುವ ಪಿಕಪ್ ತೆಗೆದುಕೊಳ್ಳಿ. ಒಟ್ಟು ಲೆಕ್ಕದಲ್ಲಿ ಇದು ಮಿತಿಯೊಳಗೆ ಇದೆ. ಆದರೆ ಎಂಜಿನ್ ಮುಂದಿರುವ ಗಾಡಿಗಳಲ್ಲಿ ತೂಕದ ಹೆಚ್ಚು ಪಾಲು ಮುಂದಿನ ಚಕ್ರಗಳ ಮೇಲಿರುತ್ತದೆ. 60 ಪ್ರತಿಶತ ಎಂದುಕೊಂಡರೆ ಮುಂದಿನ ಎರಡು ತೋಳುಗಳಿಗೆ 1,800 ಕಿಲೋ, ಒಂದೊಂದಕ್ಕೆ 900. ಲಿಫ್ಟ್ ಮಿತಿಯೊಳಗೆ, ತೋಳು ಮಿತಿಯಾಚೆ. ಪ್ಯಾಡುಗಳು ಚಕ್ರಗಳಿಗಿಂತ ಒಳಗಡೆ ಇರುವುದರಿಂದ ಈ ಅಸಮತೋಲ ಚಕ್ರಗಳ ಮೇಲಿನದ್ದಕ್ಕಿಂತಲೂ ಸ್ವಲ್ಪ ಹೆಚ್ಚಾಗುವುದುಂಟು. ಆದ್ದರಿಂದ ನಿಮ್ಮಲ್ಲಿರುವ ಅತಿ ಭಾರದ ಗಾಡಿಯ ಮುಂದಿನ ಆಕ್ಸಲ್ ತೂಕವನ್ನು ಲೆಕ್ಕ ಹಾಕಿ ಲಿಫ್ಟ್ ಕೊಳ್ಳಿ, ಅದರ ಮೇಲೆ ಧಾರಾಳವಾಗಿ ಅಂತರ ಬಿಡಿ.

ಗಾಡಿಯ ಒಳಗಿನ ಸಾಮಾನುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಿಕ್ಕಿಯಲ್ಲಿ ಸಿಮೆಂಟ್ ಚೀಲವೋ ಉಪಕರಣದ ಪೆಟ್ಟಿಗೆಯೋ ಇದ್ದರೆ ಇಳಿಸಿಬಿಡಿ. ತೂಕ ಹೆಚ್ಚುವುದು ಒಂದು ಕಡೆ, ಗುರುತ್ವ ಕೇಂದ್ರ ಹಿಂದೆ ಸರಿಯುವುದು ಇನ್ನೊಂದು ಕಡೆ. ಒಳಗೆ ಮನುಷ್ಯರು ಕುಳಿತಿರುವಾಗ ಎತ್ತುವುದಂತೂ ಕೂಡದು.

ಹಳೆಯ ಲಿಫ್ಟ್ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಒಳ್ಳೆಯ ಲಿಫ್ಟುಗಳ ಮೇಲೆ ಪ್ರಮಾಣೀಕರಣದ ಫಲಕವಿರುತ್ತದೆ: ಉತ್ತರ ಅಮೆರಿಕದಲ್ಲಿ ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟಿನದ್ದು, ಯುರೋಪಿನಲ್ಲಿ ಇಎನ್ 1493 ಮಾನದಂಡದ್ದು. ಫಲಕವೂ ಕೈಪಿಡಿಯೂ ಎರಡೂ ಇಲ್ಲದ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ಮಾರುವವನಿಗೇ ಗೊತ್ತಿಲ್ಲದ ಲಿಫ್ಟ್ ಎಷ್ಟು ಅಗ್ಗವಾದರೂ ಬೇಡ.

ಕಾರನ್ನು ಕಂಬಗಳ ನಡುವೆ ತರುವುದು

ತೋಳುಗಳನ್ನು ಪೂರ್ತಿ ಹೊರಗೆ ತಿರುಗಿಸಿ, ಪೂರ್ತಿ ಕೆಳಗಿಳಿಸಿ, ಆಮೇಲೆ ಕಾರನ್ನು ಒಳಗೆ ತನ್ನಿ. ಎಡಬಲದ ಅಂತರ ಸಮವಾಗಿರಲಿ. ಕಾರು ಒಂದು ಕಡೆಗೆ ವಾಲಿ ನಿಂತಿದ್ದರೆ ಒಂದು ಬದಿಯ ತೋಳು ಹೆಚ್ಚು ಚಾಚಬೇಕಾಗುತ್ತದೆ, ಆ ಕಂಬಕ್ಕೆ ಹೆಚ್ಚು ಎಳೆತ.

ಮುಂದೆ ಹಿಂದೆ ಎಲ್ಲಿ ನಿಲ್ಲಿಸಬೇಕು ಎಂಬುದು ಗುರುತ್ವ ಕೇಂದ್ರದ ಮಾತು. ಎಂಜಿನ್ ಮುಂದಿರುವ ಸಾಮಾನ್ಯ ಕಾರಿನಲ್ಲಿ ಅದು ಹೆಚ್ಚುಕಡಿಮೆ ಮುಂದಿನ ಸೀಟಿನ ಆಸುಪಾಸಿನಲ್ಲಿರುತ್ತದೆ. ಎಂಜಿನ್ ಹಿಂದಿದ್ದರೆ ಇನ್ನಷ್ಟು ಹಿಂದೆ. ಖಾಲಿ ಪಿಕಪ್ಪಿನಲ್ಲಿ ಅದು ಅಚ್ಚರಿಯಾಗುವಷ್ಟು ಮುಂದಿರುತ್ತದೆ, ನೋಡುವವರ ಕಣ್ಣಿಗೆ ಗಾಡಿಯ ನಡುಭಾಗ ಇನ್ನೆಲ್ಲೋ ಕಾಣುತ್ತದೆ. ನಾಲ್ಕು ಪ್ಯಾಡುಗಳ ನಡುವಿನ ಚೌಕದೊಳಗೆ ಈ ಬಿಂದು ಚೆನ್ನಾಗಿ ಒಳಗಿರಬೇಕು. ಎರಡು ಕಂಬಗಳೂ ಒಂದಕ್ಕೊಂದು ನೇರ ಎದುರಿಗೆ ನೋಡುತ್ತಿದ್ದು ತೋಳುಗಳು ಸಮ ಉದ್ದವಿದ್ದರೆ ಗುರುತ್ವ ಕೇಂದ್ರ ಕಂಬಗಳ ಸಾಲಿನಲ್ಲಿ ಬರುವಂತೆ ನಿಲ್ಲಿಸಬೇಕು. ಕಂಬಗಳು ಓರೆಯಾಗಿ ತಿರುಗಿದ್ದು ಮುಂದಿನ ತೋಳು ಗಿಡ್ಡ, ಹಿಂದಿನದು ಉದ್ದವಿದ್ದರೆ ಕಾರು ಸ್ವಲ್ಪ ಹಿಂದೆ ನಿಲ್ಲುತ್ತದೆ. ಹೀಗೆ ನಿಂತಾಗ ಬಾಗಿಲು ಕಂಬಕ್ಕೆ ತಗುಲದೆ ತೆರೆಯುತ್ತದೆ.

ಗೇರನ್ನು ನ್ಯೂಟ್ರಲ್‌ನಲ್ಲಿಡಬೇಕೋ ಹ್ಯಾಂಡ್‌ಬ್ರೇಕ್ ಹಾಕಬೇಕೋ ಎಂಬುದು ಲಿಫ್ಟಿನ ಬಗೆಯನ್ನೂ ಮಾಡುವ ಕೆಲಸವನ್ನೂ ಅವಲಂಬಿಸಿದೆ. ಗಾಳಿಯ ಸಸ್ಪೆನ್ಷನ್ ಇರುವ ಕಾರಾದರೆ ಮಾತ್ರ ಒಂದು ಕೆಲಸ ಕಡ್ಡಾಯ: ಎತ್ತುವ ಮುನ್ನ ಅದನ್ನು ಜ್ಯಾಕ್ ಮೋಡಿಗೆ ಹಾಕಿ. ಇಲ್ಲವಾದರೆ ಚಕ್ರ ನೇತಾಡುವುದನ್ನು ಕಂಡ ಕಾರು ತಾನೇ ಎತ್ತರ ಸರಿಪಡಿಸಲು ಹೊರಡುತ್ತದೆ.

ಪ್ಯಾಡ್ ಎಲ್ಲಿ ಕೂರಬೇಕು

ಇಡೀ ಕೆಲಸದಲ್ಲಿ ಅವಸರ ಮಾಡಲೇಬಾರದ ಘಟ್ಟ ಇದು. ಕಾರಿನ ಕೈಪಿಡಿಯಲ್ಲಿ ಎತ್ತುವ ಬಿಂದುಗಳ ಚಿತ್ರವಿರುತ್ತದೆ. ಅದನ್ನು ತೆಗೆದು ನೋಡಿ. ಬಹಳಷ್ಟು ಕಾರುಗಳಲ್ಲಿ ಬಾಗಿಲಿನ ಕೆಳಗಿನ ಸಿಲ್ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಕಚ್ಚು ಅಥವಾ ತ್ರಿಕೋನದ ಗುರುತು ಇರುತ್ತದೆ. ಅಲ್ಲಿ ಒಳಗಡೆ ತಗಡನ್ನು ದಪ್ಪ ಮಾಡಿರುತ್ತಾರೆ. ಒಂದು ಅಂಗೈ ಅಗಲ ಆಚೀಚೆಯಾದರೂ ಸಿಲ್ ಮಡಚಿಕೊಳ್ಳುತ್ತದೆ. ಪ್ರತ್ಯೇಕ ಚಾಸಿ ಇರುವ ಎಸ್‌ಯುವಿ, ಪಿಕಪ್‌ಗಳಲ್ಲಿ ಪ್ಯಾಡ್ ಚಾಸಿಯ ಉದ್ದಪಟ್ಟಿಯ ಮೇಲೆ ಕೂರಬೇಕು, ಬಾಡಿಯ ಮೇಲಲ್ಲ. ಅಲ್ಲಿಗೆ ಮುಟ್ಟಲು ಎತ್ತರ ಸಾಲದಿದ್ದರೆ ಲಿಫ್ಟಿನ ತಯಾರಕರೇ ಮಾಡಿದ ಅಡಾಪ್ಟರುಗಳನ್ನು ಬಳಸಿ. ಮರದ ತುಂಡು, ಇಟ್ಟಿಗೆ, ಐಸ್ ಹಾಕಿ ಆಟದ ರಬ್ಬರ್ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸುವುದು, ಯಾವುದೂ ಬೇಡ. ಒತ್ತಡ ಬಿದ್ದಾಗ ಮರ ಸೀಳುತ್ತದೆ, ಜಾರುತ್ತದೆ.

ವಿದ್ಯುತ್ ಕಾರುಗಳು ಈ ವಿಷಯದಲ್ಲಿ ಕ್ಷಮಿಸುವುದಿಲ್ಲ. ನೆಲದ ಅಡಿಯಲ್ಲಿ ಬಹುಪಾಲು ಜಾಗವನ್ನು ಬ್ಯಾಟರಿಯೇ ಆವರಿಸಿರುತ್ತದೆ, ಸಿಲ್ ಮತ್ತು ಬ್ಯಾಟರಿ ಪೆಟ್ಟಿಗೆಯ ನಡುವೆ ಉಳಿಯುವ ಪಟ್ಟಿ ತೀರ ಕಿರಿದು. ಅಗಲವಾದ ಪ್ಯಾಡ್ ಬ್ಯಾಟರಿಯ ಅಂಚಿಗೆ ಒತ್ತಿದರೆ ಪೆಟ್ಟಿಗೆ ಜಜ್ಜಿಹೋಗಿ ಬೆಂಕಿಗೂ ಕಾರಣವಾಗಬಹುದು. ಕೆಲವು ಮಾದರಿಗಳಿಗೆ ರಂಧ್ರದೊಳಗೆ ಕೂರುವ ವಿಶೇಷ ಅಡಾಪ್ಟರ್ ಇದೆ. ಅದನ್ನು ತರಿಸಿಕೊಳ್ಳದೆ ಎತ್ತಬೇಡಿ. ಜೊತೆಗೆ ಬ್ಯಾಟರಿಯ ತೂಕದಿಂದಾಗಿ ಇವು ನೋಟಕ್ಕಿಂತ ಭಾರ, ಗುರುತ್ವ ಕೇಂದ್ರವೂ ಪೆಟ್ರೋಲ್ ಕಾರಿನಲ್ಲಿದ್ದ ಕಡೆ ಇರುವುದಿಲ್ಲ.

ತುಕ್ಕು ಹಿಡಿದ ಹಳೆಯ ಕಾರನ್ನು ಎತ್ತುವ ಮುನ್ನ ಎತ್ತುವ ಬಿಂದುವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒಳಗೆ ಹೋದರೆ ಅಲ್ಲಿ ಉಕ್ಕಿಲ್ಲ, ಬಣ್ಣ ಹಾಗೂ ಪುಟ್ಟಿ ಮಾತ್ರ ಇದೆ.

ಪ್ಯಾಡುಗಳ ರಬ್ಬರಿನಲ್ಲಿ ಗ್ರೀಸ್, ಎಣ್ಣೆ ಇರಬಾರದು. ನಾಲ್ಕೂ ಪ್ಯಾಡುಗಳ ಎತ್ತರವನ್ನು ತಿರುಗಿಸಿ ಹೊಂದಿಸಿ, ಒಂದೇ ಸಮಯಕ್ಕೆ ಕಾರನ್ನು ಮುಟ್ಟುವಂತೆ ಮಾಡಿಕೊಳ್ಳಿ. ಪ್ಯಾಡಿನ ತಿರುಪನ್ನು ಅದರ ಮಿತಿಗಿಂತ ಹೆಚ್ಚು ಹೊರಗೆ ತಿರುಗಿಸಬಾರದು.

ಒಂದು ಗೇಣು ಎತ್ತಿ ನಿಲ್ಲಿಸಿ

ಮೊದಲು ಪ್ಯಾಡುಗಳು ಕಾರಿಗೆ ತಾಗುವಷ್ಟು ಮಾತ್ರ ಏರಿಸಿ. ಸುತ್ತ ನಡೆದು, ಬಗ್ಗಿ, ನಾಲ್ಕನ್ನೂ ನೋಡಿ. ನಿಂತಲ್ಲಿಂದಲೇ ಇಣುಕಿ ‘ಸರಿ ಇದೆ’ ಎನ್ನುವುದು ಸಾಲದು. ಆಚೆ ಬದಿಯ ಹಿಂದಿನ ಪ್ಯಾಡ್ ಯಾವಾಗಲೂ ನಿಮ್ಮ ಕಣ್ಣಿಗೆ ಮರೆಯಲ್ಲಿರುತ್ತದೆ, ತಪ್ಪುವುದೂ ಸಾಮಾನ್ಯವಾಗಿ ಅದೇ.

ತೋಳುಗಳ ಬುಡದಲ್ಲಿ ಹಲ್ಲುಗಾಲಿಯಂಥ ತಡೆ ಇರುತ್ತದೆ. ತೋಳು ನೆಲದಿಂದ ಮೇಲೆದ್ದ ಕೂಡಲೇ ಹಲ್ಲುಗಳು ಕೂಡಿಕೊಂಡು ತೋಳು ಆಚೀಚೆ ತಿರುಗದಂತೆ ತಡೆಯುತ್ತವೆ. ಅದು ಕೂಡಿಕೊಂಡಿದೆಯೇ ಎಂದು ಕೈಯಿಂದ ತೋಳನ್ನು ತಳ್ಳಿ ಖಚಿತಪಡಿಸಿಕೊಳ್ಳಿ. ಹಲ್ಲಿನ ಮೇಲೆ ಹಲ್ಲು ಕುಳಿತು ಒಳಗೆ ಬೀಳದೆ ಇರುವುದುಂಟು. ತೋಳನ್ನು ಕೊಂಚ ಅಲುಗಿಸಿದರೆ ಬೀಳುತ್ತದೆ.

ಈಗ ಚಕ್ರಗಳು ನೆಲ ಬಿಡುವಷ್ಟು ಏರಿಸಿ, ಒಂದು ಗೇಣಿನಲ್ಲಿ ನಿಲ್ಲಿಸಿ. ಮುಂದಿನ ಬಂಪರನ್ನೂ ಹಿಂದಿನ ಬಂಪರನ್ನೂ ಒತ್ತಿ, ಬದಿಯಿಂದ ತಳ್ಳಿ ಅಲುಗಿಸಿ. ಕಾರು ಸ್ವಲ್ಪ ತೂಗುತ್ತದೆ, ಅದು ಸಹಜ. ಪ್ಯಾಡಿನ ಮೇಲೆ ಜಾರಿದರೆ, ಒಂದು ತುದಿ ಏಳಲು ನೋಡಿದರೆ, ಲೋಹ ಕಿರುಗುಟ್ಟಿದರೆ ಕೆಳಗಿಳಿಸಿ ಮೊದಲಿಂದ ಶುರು ಮಾಡಿ. ಮೇಲೆ ಹೋದ ಕಾರಿನ ತೋಳನ್ನು ಸುತ್ತಿಗೆಯಿಂದ ಬಡಿದು ಸರಿಪಡಿಸುವವರನ್ನು ಕಂಡರೆ ಅಲ್ಲಿಂದ ಹೊರನಡೆಯಿರಿ. ಈ ಗೇಣಿನ ಪರೀಕ್ಷೆ ಒಂದು ನಿಮಿಷದ ಕೆಲಸ; ಒಂದು ಗೇಣಿನಿಂದ ಬಿದ್ದ ಕಾರಿನಿಂದಾಗುವ ನಷ್ಟ ತಲೆಯ ಮೇಲಿನ ಎತ್ತರದಿಂದ ಬಿದ್ದದ್ದಕ್ಕಿಂತ ತೀರ ಕಡಿಮೆ.

ಪರೀಕ್ಷೆಯಲ್ಲಿ ಗೆದ್ದರೆ ಮತ್ತೆ ಏರಿಸಿ. ಬೆರಳು ತೆಗೆದರೆ ನಿಲ್ಲುವಂತೆ ಗುಂಡಿಯನ್ನು ಮಾಡಿರುವುದಕ್ಕೆ ಕಾರಣವಿದೆ. ಅದನ್ನು ಟೇಪು ಸುತ್ತಿ ಒತ್ತಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ.

ಎತ್ತುವುದು ಎಣ್ಣೆ, ಹಿಡಿದಿಡುವುದು ಉಕ್ಕು

ಹೈಡ್ರಾಲಿಕ್ ಎಣ್ಣೆಯ ಒತ್ತಡ ಕಾರನ್ನು ಮೇಲಕ್ಕೆ ಒಯ್ಯುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಒಂದು ಸೀಲ್ ಹರಿದರೆ, ಪೈಪಿನ ಜೋಡಣೆ ಸಡಿಲವಾದರೆ ಎಣ್ಣೆ ಕಾರನ್ನು ಹಿಡಿದುಕೊಳ್ಳಲಾರದು. ಅದಕ್ಕಾಗಿ ಪ್ರತಿ ಕಂಬದೊಳಗೂ ಏಣಿಯ ಮೆಟ್ಟಿಲುಗಳಂತೆ ಲಾಕಿನ ಕಚ್ಚುಗಳಿವೆ. ಏರುವಾಗ ಕೇಳುವ ಟಕ್ ಟಕ್ ಶಬ್ದ ಅವುಗಳದ್ದೇ. ಎರಡೂ ಕಂಬಗಳಿಂದ ಶಬ್ದ ಬರಬೇಕು, ಹೆಚ್ಚುಕಡಿಮೆ ಒಟ್ಟಿಗೆ ಬರಬೇಕು. ಒಂದು ಕಂಬ ಮೌನವಾಗಿದ್ದರೆ ಆ ಬದಿಯ ಲಾಕ್ ಕೆಲಸ ಮಾಡುತ್ತಿಲ್ಲ. ಎರಡರ ನಡುವೆ ಅಂತರ ಹೆಚ್ಚಾಗಿದ್ದರೆ ಎರಡು ಬದಿಗಳನ್ನು ಸಮವಾಗಿಡುವ ಕೇಬಲ್ ಹೊಂದಾಣಿಕೆ ತಪ್ಪಿದೆ.

ಬೇಕಾದ ಎತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ, ಗುಂಡಿ ಬಿಟ್ಟು, ಇಳಿಸುವ ಹಿಡಿಯನ್ನು ಎಳೆಯಿರಿ. ಕಾರು ಒಂದಿಷ್ಟು ಇಳಿದು, ಎರಡೂ ಬದಿಯ ಲಾಕುಗಳ ಮೇಲೆ ಕುಳಿತು, ಅಲುಗದೆ ನಿಲ್ಲಬೇಕು. ಈ ಹೆಜ್ಜೆಯನ್ನು ಬಿಟ್ಟು ಎಣ್ಣೆಯ ಮೇಲೆಯೇ ನಿಂತ ಕಾರಿನ ಕೆಳಗೆ ಹೋಗುವವರು ಬಹಳ. ‘ಎರಡು ನಿಮಿಷದ ಕೆಲಸ, ಒಂದು ಬೋಲ್ಟ್ ಬಿಗಿದು ಬರುತ್ತೇನೆ’ ಎನ್ನುತ್ತಾರೆ. ಬೋಲ್ಟ್ ಒಂದೇ ಆದರೂ ಮೊದಲು ಲಾಕ್.

ಕುಳಿತ ಮೇಲೆ ಎರಡೂ ಬದಿಯ ಎತ್ತರವನ್ನು ಕಂಬದ ಕಚ್ಚುಗಳನ್ನು ಎಣಿಸಿ ಹೋಲಿಸಿ. ಒಂದು ಬದಿ ಒಂದು ಕಚ್ಚು ಮೇಲೆ, ಇನ್ನೊಂದು ಬದಿ ಒಂದು ಕಚ್ಚು ಕೆಳಗೆ ಕೂರುವುದು ಸಾಧ್ಯ.

ಕೆಳಗೆ ನಿಂತು ಮಾಡುವ ಕೆಲಸ

ಬಿಗಿಯಾದ ಆಕ್ಸಲ್ ನಟ್, ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಿ. ಎರಡು ಕಂಬದ ಲಿಫ್ಟಿನ ಮೇಲಿರುವ ಕಾರಿಗೆ ಉದ್ದನೆಯ ಸನ್ನೆ ಹಾಕಿ ಜೋತುಬೀಳುವುದು ಅದನ್ನು ಪ್ಯಾಡಿನಿಂದ ಕೆಡವಲು ಯತ್ನಿಸಿದಂತೆಯೇ.

ಅತಿ ಹೆಚ್ಚು ಎಚ್ಚರ ಬೇಡುವುದು ಭಾರವಾದ ಭಾಗಗಳನ್ನು ಕಳಚುವಾಗ. ಎಂಜಿನ್ ಇಳಿಸಿದರೆ ಮುಂಭಾಗ ಹಗುರಾಗಿ ಮೇಲೇಳುತ್ತದೆ, ಹಿಂಭಾಗ ಕೆಳಗಿಳಿಯಲು ನೋಡುತ್ತದೆ. ಹಿಂದಿನ ಆಕ್ಸಲ್ ತೆಗೆದರೆ ಇದರ ತಿರುವುಮುರುವು. ಆದ್ದರಿಂದ ಕಾರಿಗೆ ಕೆಳಗಿನಿಂದ ಆಸರೆ ಕೊಡುವ ಎತ್ತರದ ಸ್ಟ್ಯಾಂಡನ್ನು ಕಳಚುವ ತುದಿಯ ಕೆಳಗಲ್ಲ, ಎದುರು ತುದಿಯ ಕೆಳಗೆ ಇಡಬೇಕು. ಅನೇಕರು ಇದನ್ನು ಉಲ್ಟಾ ಮಾಡುತ್ತಾರೆ. ಕಾರನ್ನು ತೋಳಿಗೆ ಪಟ್ಟಿಯಿಂದ ಬಿಗಿಯುವುದೂ ಒಳ್ಳೆಯದು. ಸ್ಟ್ಯಾಂಡ್ ಇರುವಾಗ ಲಿಫ್ಟನ್ನು ಮರೆತೂ ಇಳಿಸಬಾರದು. ಕಾರು ಸ್ಟ್ಯಾಂಡಿಗೆ ತಗುಲಿ ಪ್ಯಾಡಿನಿಂದ ಮೇಲೇಳುತ್ತದೆ. ಅದಕ್ಕೆ ನಾನು ಸೂಚಿಸುವ ಉಪಾಯ: ಸ್ಟ್ಯಾಂಡ್ ಇಟ್ಟ ಕೂಡಲೇ ಐಸೋಲೇಟರಿಗೆ ಬೀಗ ಹಾಕಿ, ಬೀಗದ ಕೈಯನ್ನು ಆ ಸ್ಟ್ಯಾಂಡಿಗೇ ನೇತುಹಾಕಿ.

ಪೆಟ್ರೋಲ್ ಟ್ಯಾಂಕ್ ಅಥವಾ ಇಂಧನದ ಪೈಪ್ ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆದಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ ದೂರದ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಗ್ಯಾಸ್ ಗೀಸರ್, ಫ್ರಿಜ್, ಲಿಫ್ಟಿನದೇ ಮೋಟಾರ್, ಯಾವುದಾದರೂ ಆ ಕಿಡಿಯಾಗಬಹುದು. ಬಿದ್ದರೆ ಒಡೆಯುವ ಬಿಸಿ ಬಲ್ಬಿನ ದೀಪದ ಬದಲು ಎಲ್‌ಇಡಿ ದೀಪ ಬಳಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ.

ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮೇಲೆ ನೋಡುತ್ತ ಕೆಲಸ ಮಾಡುವಾಗ ತುಕ್ಕಿನ ಚೂರುಗಳಿಗೆ ಬೀಳಲು ಬೇರೆ ಜಾಗ ಸಿಗುವುದಿಲ್ಲ. ನೆಲದಲ್ಲಿ ಚೆಲ್ಲಿದ ಎಣ್ಣೆಯನ್ನು ಆಗಲೇ ಒರೆಸಿ. ಹೊರಗೆ ಓಡುವ ದಾರಿಯಲ್ಲಿ ಡಬ್ಬಿ, ತಂತಿ, ಚಕ್ರ ಇಡಬೇಡಿ. ಮನೆಯಲ್ಲಿ ಒಬ್ಬರೇ ಇರುವ ದಿನ ದೊಡ್ಡ ಕೆಲಸಕ್ಕೆ ಕೈ ಹಾಕದಿರುವುದು ಲೇಸು; ಹಾಕಿದರೂ ಮೊಬೈಲ್ ಜೇಬಿನಲ್ಲಿರಲಿ, ಬೆಂಚಿನ ಮೇಲಲ್ಲ.

ಸುರಕ್ಷತೆಗೆ ಸಂಬಂಧಿಸದ ಒಂದು ಮಾತು, ಆದರೂ ಹೇಳಿಬಿಡುತ್ತೇನೆ. ಎರಡು ಕಂಬದ ಲಿಫ್ಟಿನಲ್ಲಿ ಚಕ್ರಗಳು ನೇತಾಡುತ್ತವೆ. ಆ ಸ್ಥಿತಿಯಲ್ಲಿ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕೆ ಇಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಯ ಬಿಗಿತವನ್ನು ಚಕ್ರದ ಮೇಲೆ ತೂಕ ಬಿದ್ದ ಮೇಲೆ ಕೊಡಬೇಕು.

ಇಳಿಸುವುದು

ಕೆಲಸ ಮುಗಿದ ಉತ್ಸಾಹದಲ್ಲಿ ಇಳಿಸುವಾಗ ಎಚ್ಚರ ತಪ್ಪುತ್ತದೆ. ಕೆಳಗಿನ ಉಪಕರಣ, ಸ್ಟ್ಯಾಂಡ್, ಎಣ್ಣೆಯ ಬಟ್ಟಲು ಎಲ್ಲ ಹೊರಬರಲಿ. ಕಾರಿನ ಬಾಗಿಲುಗಳು ಮುಚ್ಚಿರಲಿ. ತೆರೆದ ಬಾಗಿಲು ಕಂಬಕ್ಕೋ ತೋಳಿಗೋ ಸಿಕ್ಕಿ ಮಡಚಿಕೊಳ್ಳುತ್ತದೆ. ಬೆಕ್ಕು, ನಾಯಿ, ಮಕ್ಕಳು ಒಳಗಿಲ್ಲವೆಂದು ನೋಡಿಕೊಳ್ಳಿ.

ಲಾಕಿನ ಮೇಲಿರುವ ಕಾರನ್ನು ನೇರ ಇಳಿಸಲಾಗದು. ಮೊದಲು ಸ್ವಲ್ಪ ಮೇಲೆತ್ತಿ ಭಾರವನ್ನು ಲಾಕಿನಿಂದ ತೆಗೆಯಬೇಕು, ಆಮೇಲೆ ಲಾಕ್ ಬಿಡಿಸುವ ಹಿಡಿ ಎಳೆಯಬೇಕು, ಆಮೇಲೆ ಇಳಿಸುವ ಹಿಡಿ. ಇಳಿಯುವಾಗ ಎರಡೂ ಬದಿಯನ್ನು ನೋಡುತ್ತಿರಿ. ಒಂದು ಬದಿಯ ಲಾಕ್ ಬಿಡದೆ ಅಲ್ಲೇ ನಿಂತು ಇನ್ನೊಂದು ಬದಿ ಇಳಿಯತೊಡಗಿದರೆ ಕಾರು ಓರೆಯಾಗುತ್ತದೆ. ಕೂಡಲೇ ಹಿಡಿ ಬಿಡಿ, ಮತ್ತೆ ಮೇಲೆತ್ತಿ ಸಮಮಾಡಿ, ಲಾಕನ್ನು ಪೂರ್ತಿ ಬಿಡಿಸಿ. ಪಾದ ತೋಳಿನ ಅಡಿಯಲ್ಲಿರದಂತೆ ನೋಡಿಕೊಳ್ಳಿ. ಕೊನೆಗೆ ತೋಳುಗಳನ್ನು ಪೂರ್ತಿ ಹೊರಗೆ ತಿರುಗಿಸಿದ ಮೇಲಷ್ಟೇ ಕಾರನ್ನು ಹೊರಗೆ ತೆಗೆಯಿರಿ.

ಕಾರು ಮೇಲಿರುವಾಗ ವಿದ್ಯುತ್ ಹೋದರೆ ಏನು? ಲಾಕಿನ ಮೇಲೆ ಕುಳಿತಿದ್ದರೆ ಏನೂ ಆಗುವುದಿಲ್ಲ, ಆದರೆ ಮೇಲೆತ್ತಲಾಗದೆ ಲಾಕನ್ನು ಬಿಡಿಸಲೂ ಆಗದು. ವಿದ್ಯುತ್ ಬರುವವರೆಗೆ ಅಲ್ಲೇ ಇರಲಿ. ಲಾಕಿಗೆ ಕಬ್ಬಿಣದ ಸಲಾಕೆ ಹಾಕಿ ಮೀಟುವ ಸಾಹಸ ಬೇಡ.

ಕಾರು ಜಾರಿ ಬೀಳತೊಡಗಿದರೆ ಹಿಡಿಯಲು ಹೋಗಬೇಡಿ, ನಿಯಂತ್ರಣದ ಗುಂಡಿಯತ್ತ ಓಡಬೇಡಿ. ದೂರ ಹೋಗಿ, ಅಷ್ಟೇ. ಗೋಡೆಗೂ ಕಾರಿಗೂ ನಡುವೆ ಅಥವಾ ಬೆಂಚಿಗೂ ಕಾರಿಗೂ ನಡುವೆ ಸಿಕ್ಕಿಕೊಳ್ಳದ ದಿಕ್ಕು ಯಾವುದು ಎಂದು ಮೊದಲೇ ಯೋಚಿಸಿಟ್ಟಿರಿ.

ಬೇರೆ ಬಗೆಯ ಲಿಫ್ಟುಗಳು

ನಾಲ್ಕು ಕಂಬದ ಲಿಫ್ಟಿನಲ್ಲಿ ಕಾರು ತನ್ನ ಚಕ್ರಗಳ ಮೇಲೆಯೇ ನಿಲ್ಲುತ್ತದೆ, ಸಮತೋಲದ ಚಿಂತೆ ಕಡಿಮೆ. ಹೊಸಬರಿಗೆ ನಾನು ಇದನ್ನೇ ಹೇಳುತ್ತೇನೆ. ಉರುಳುವ ಚಿಂತೆ ಮಾತ್ರ ಇದೆ: ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳ ಎರಡೂ ಕಡೆ ಉರುಳದಂತೆ ತಡೆಯುವ ತುಂಡುಗಳನ್ನು ಇಡಿ. ಲಾಕುಗಳು ಎರಡಲ್ಲ, ನಾಲ್ಕು; ನಾಲ್ಕೂ ಮೂಲೆಗಳನ್ನು ನೋಡಬೇಕು. ಅನೇಕ ಮಾದರಿಗಳಲ್ಲಿ ಲಾಕ್ ಬಿಡಿಸಲು ಗಾಳಿಯ ಒತ್ತಡ ಬೇಕು, ಅಂದರೆ ಕಂಪ್ರೆಸರ್ ಕೆಟ್ಟರೆ ಕಾರು ಮೇಲೆಯೇ ಉಳಿಯುತ್ತದೆ. ಒಂದು ಕಾರನ್ನು ಮೇಲಿಟ್ಟು ಇನ್ನೊಂದನ್ನು ಕೆಳಗೆ ನಿಲ್ಲಿಸುವವರು ಮೇಲಿನದ್ದನ್ನು ಯಾವಾಗಲೂ ಲಾಕಿನ ಮೇಲೆಯೇ ಬಿಡಬೇಕು. ಎಣ್ಣೆ ತೊಟ್ಟಿಕ್ಕದಂತೆ ತಟ್ಟೆ ಇಟ್ಟರೆ ಕೆಳಗಿನ ಕಾರಿನ ಬಣ್ಣವೂ ಉಳಿಯುತ್ತದೆ.

ಕತ್ತರಿ ಲಿಫ್ಟು ಕಡಿಮೆ ಜಾಗ ಕೇಳುತ್ತದೆ, ಆದರೆ ಮಡಚುವಾಗ ಅದರ ಕಾಲುಗಳ ನಡುವೆ ಸಿಕ್ಕಿದ್ದೆಲ್ಲ ತುಂಡಾಗುತ್ತದೆ. ಬೀಳಿಸಿದ ಸಾಕೆಟನ್ನು ಹೆಕ್ಕಲು ಒಳಗೆ ಕೈ ಹಾಕುವ ಮುನ್ನ ಲಾಕ್ ಕೂತಿದೆಯೇ ನೋಡಿ. ಎರಡು ಬಿಡಿ ಚೌಕಟ್ಟುಗಳಾಗಿ ಬರುವ ಹೊತ್ತೊಯ್ಯಬಹುದಾದ ಲಿಫ್ಟುಗಳನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ಇಡಬೇಕು.

ತಪಾಸಣೆ

ಪ್ರತಿದಿನ ಶುರು ಮಾಡುವ ಮುನ್ನ ಖಾಲಿ ಲಿಫ್ಟನ್ನು ಒಮ್ಮೆ ಮೇಲೇರಿಸಿ ಇಳಿಸಿ, ಲಾಕಿನ ಶಬ್ದ ಕೇಳಿ, ನೆಲದಲ್ಲಿ ಎಣ್ಣೆ ಬಿದ್ದಿದೆಯೇ ನೋಡಿ. ಸೋರಿಕೆ ಹುಡುಕಲು ಒತ್ತಡದಲ್ಲಿರುವ ಪೈಪಿನ ಮೇಲೆ ಕೈ ಸವರಬೇಡಿ. ಸೂಜಿಯಷ್ಟು ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಅದು ತುರ್ತು ಶಸ್ತ್ರಚಿಕಿತ್ಸೆಯ ವಿಷಯ. ರಟ್ಟಿನ ತುಂಡು ಹಿಡಿದು ಹುಡುಕಿ.

ಆಂಕರ್ ಬೋಲ್ಟುಗಳ ಬಿಗಿತವನ್ನು ಅಳವಡಿಸಿದ ಹೊಸದರಲ್ಲಿ ಬೇಗನೆ, ಆಮೇಲೆ ಕೈಪಿಡಿ ಹೇಳಿದ ಅವಧಿಗೊಮ್ಮೆ ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಿ. ತಿರುಗುತ್ತಲೇ ಹೋಗಿ ಬಿಗಿಯಾಗದ ಬೋಲ್ಟ್ ಇದ್ದರೆ, ಪಾದದ ಸುತ್ತ ಹೊಸ ಬಿರುಕು ಕಂಡರೆ ಆ ದಿನದಿಂದಲೇ ಲಿಫ್ಟ್ ಬಳಕೆ ನಿಲ್ಲಿಸಿ. ಲಿಫ್ಟಿನ ಐಸೋಲೇಟರಿಗೆ ಬೀಗ ಹಾಕಿ, ಕೇಬಲ್ಲುಗಳನ್ನು ಬಟ್ಟೆಯಿಂದ ಉದ್ದಕ್ಕೂ ಒರೆಸುತ್ತ ಹೋಗಿ. ತುಂಡಾದ ಎಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಪ್ಯಾಡಿನ ರಬ್ಬರ್ ಸವೆದು ಒಳಗಿನ ಲೋಹ ಕಾಣುವ ಮೊದಲೇ ಬದಲಿಸಿ. ವರ್ಷಕ್ಕೊಮ್ಮೆ ಲಿಫ್ಟ್ ತಪಾಸಣೆ ಬಲ್ಲ ತಂತ್ರಜ್ಞರನ್ನು ಕರೆಸಿ, ಅವರು ನೋಡಿದ ದಿನಾಂಕವನ್ನು ಕಂಬದ ಮೇಲೆಯೇ ಬರೆದಿಡಿ.